ಅರಾರಾಟ್ ಬುಡದ ದೋವುಬಯಾಜಿತ್: ಒಂದು ರಾತ್ರಿ ಸಾಕಾ?

ಕಾವೇರಿ ತೀರದವ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ನಾನು, ನನ್ನ ಹೆಂಡತಿ ಟರ್ಕಿಯ ಪೂರ್ವದ ಕಡೆ ಹೊರಟಿದ್ದೇವೆ. ಇಸ್ತಾಂಬುಲ್, ಕಪ್ಪದೋಕಿಯಾ ಹಿಂದೆ ನೋಡಿಯಾಗಿದೆ. ಈ ಸಲ ವಾನ್ ಸರೋವರ, ಆಮೇಲೆ ಇರಾನ್ ಗಡಿಯ ಪಕ್ಕದ ದೋವುಬಯಾಜಿತ್, ಅಲ್ಲಿಂದ ಕಾರ್ಸ್. ದೋವುಬಯಾಜಿತ್‌ನಲ್ಲಿ ಒಂದೇ ರಾತ್ರಿ ಇಟ್ಟಿದ್ದೇನೆ. ಮಧ್ಯಾಹ್ನ ತಲುಪಿ ಇಶಾಕ್ ಪಾಶಾ ಅರಮನೆ, ಬೆಳಿಗ್ಗೆ ಎದ್ದು ಅರಾರಾಟ್ ಫೋಟೋ, ಹೊರಡೋದು. ಸಾಕಾಗುತ್ತಾ? ಊರು ಬೋರು ಅಂತ ಸುಮಾರು ಜನ ಬರೆದಿದ್ದಾರೆ.

ಇನ್ನೆರಡು ಚಿಂತೆ. ಹೆಂಡತಿ ಮೊಟ್ಟೆ ತಿನ್ನುತ್ತಾಳೆ, ಮಾಂಸ ಮುಟ್ಟಲ್ಲ. ಮತ್ತೆ ಅದು ಕುರ್ದರ ಊರು, ಗಡಿ ಬೇರೆ. ಸುರಕ್ಷಿತವಾ ಅಂತ ಊರಿಂದ ಅಪ್ಪ ದಿನಾ ಫೋನ್ ಮಾಡಿ ಕೇಳುತ್ತಿದ್ದಾರೆ.

ಸುತ್ತಾಟದ ಸುಮಾ

ಒಂದು ರಾತ್ರಿ ಸಾಲಲ್ಲ ಸರ್. ಎರಡು ಇಡಿ, ಬೇಕಾದರೆ ವಾನ್‌ನಲ್ಲಿ ಒಂದು ಕಡಿಮೆ ಮಾಡಿ.

ಮೊದಲನೆಯದಾಗಿ, ಅರಾರಾಟ್ ನೀವು ಕರೆದಾಗ ಬಂದು ನಿಲ್ಲೋ ಬೆಟ್ಟ ಅಲ್ಲ. ಊರು ಇರೋದು ಸುಮಾರು 1,600 ಮೀಟರ್ ಎತ್ತರದಲ್ಲಿ, ಬೆಟ್ಟದ ತುದಿ 5,137 ಮೀಟರ್. ನಡುವೆ ಅಡ್ಡ ಏನೂ ಇಲ್ಲ, ಬಯಲಿಂದ ಸೀದಾ ಎದ್ದು ನಿಂತಿದೆ. ಆದರೆ ಬಿಸಿಲೇರಿದಂತೆ ತುದಿಗೆ ಮೋಡ ಕಟ್ಟಿಕೊಳ್ಳುತ್ತೆ. ಬೆಳಗಿನ ಜಾವ, ಇಲ್ಲಾ ಸಂಜೆ, ಎರಡೇ ಹೊತ್ತು. ಒಂದು ರಾತ್ರಿ ಇದ್ದರೆ ನಿಮಗೆ ಸಿಗೋದು ಒಂದೇ ಬೆಳಿಗ್ಗೆ. ಅವತ್ತು ಮೋಡ ಇದ್ದರೆ ಕಥೆ ಮುಗೀತು.

ಎರಡನೆಯದು, ಊರು ಬೋರು ಅನ್ನೋ ಮಾತು. ಕೆಳಗಿನ ಪೇಟೆ ನೋಡಿದವರು ಹಾಗೇ ಹೇಳೋದು, ತಪ್ಪಿಲ್ಲ. ಕಾಂಕ್ರೀಟ್ ಕಟ್ಟಡ, ಧೂಳು, ಮೊಬೈಲ್ ಅಂಗಡಿ, ಕಡೆಗೆ ಚಹಾಪುಡಿ ಗುಡ್ಡೆ ಹಾಕಿಕೊಂಡು ಕೂತ ಅಂಗಡಿಗಳು. ಆದರೆ ಈ ಪೇಟೆಗೆ ಇನ್ನೂ ನೂರು ವರ್ಷ ಆಗಿಲ್ಲ. ಹಳೇ ಬಯಾಜಿತ್ ಇದ್ದದ್ದು ಐದು ಕಿಲೋಮೀಟರ್ ಮೇಲೆ, ಅರಮನೆಯ ಸುತ್ತಲಿನ ಇಳಿಜಾರಿನಲ್ಲಿ. ಅರಮನೆ ಉಳಿಯಿತು, ಊರು ಹೋಯಿತು. ಟ್ಯಾಕ್ಸಿಯಲ್ಲಿ ಹೋಗಿ ಒಂದು ಗಂಟೆಯಲ್ಲಿ ವಾಪಸ್ ಬಂದವರಿಗೆ ಅದು ಬೆಟ್ಟದ ಮೇಲಿನ ಒಂಟಿ ಅರಮನೆ ಅಷ್ಟೇ. ಹೊರಗೆ ಬಂದು ಎದುರಿನ ಗುಡ್ಡದಲ್ಲಿ ಸ್ವಲ್ಪ ಅಡ್ಡಾಡಿ. ಹುಲ್ಲಿನ ನಡುವೆ ಗೋಡೆಗಳ ಬುಡ ಸಿಗುತ್ತವೆ. ಅರಮನೆ ಒಂದು ದೊಡ್ಡ ಊರಿನ ನೆತ್ತಿಯಲ್ಲಿ ಇತ್ತು ಅನ್ನೋದು ಆಗ ಗೊತ್ತಾಗುತ್ತೆ. ನನ್ನ ಮಟ್ಟಿಗೆ ಅಲ್ಲಿ ನೋಡಬೇಕಾದ ಮುಖ್ಯ ಸಂಗತಿ ಇದೇ, ಅರಮನೆ ಆಮೇಲೆ.

ಸುರಕ್ಷತೆ: ದಾರಿಯಲ್ಲಿ ಜಂದರ್ಮಾ (ಸೇನಾ ಮಾದರಿಯ ಪೊಲೀಸ್) ಚೆಕ್‌ಪೋಸ್ಟ್ ಇರುತ್ತವೆ, ಪಾಸ್‌ಪೋರ್ಟ್ ಕೇಳುತ್ತಾರೆ, ನೋಡಿ ಕೊಡುತ್ತಾರೆ. ಗಡಿಬೇಲಿ, ಮಿಲಿಟರಿ ಕಟ್ಟಡದ ಕಡೆ ಕ್ಯಾಮೆರಾ ತಿರುಗಿಸಬೇಡಿ. ಅಷ್ಟೇ. ಅಪ್ಪನಿಗೆ ಹೇಳಿ, ಅಲ್ಲಿ ನನಗೆ ಜಾಸ್ತಿ ಹೆದರಿಕೆ ಆದದ್ದು ಕುರಿ ಕಾಯೋ ನಾಯಿಗಳಿಂದ. ಹಿಂಡಿನ ಹತ್ತಿರ ಹೋಗಲೇಬೇಡಿ.

ಹಳೇ ಮೇಷ್ಟ್ರು

ಸುಮಾ ಅವರು ಊರು ಹೋಯಿತು ಅಂದರಲ್ಲ, ಅದು ಹೇಗೆ ಹೋಯಿತು ಅಂತ ಸ್ವಲ್ಪ ಹೇಳುತ್ತೇನೆ. ಉದ್ದ ಆದರೆ ಕ್ಷಮಿಸಿ.

ಟ್ರಾಬ್ಜೋನ್ ಬಂದರಿನಿಂದ ಇರಾನಿನ ತಬ್ರೀಜ್‌ಗೆ ಹೋಗುವ ಸಾರ್ಥವಾಹ ದಾರಿ ಈ ಬಯಲಿನಲ್ಲೇ ಹಾಯುತ್ತಿತ್ತು. ಆಟೊಮನ್ ಸುಲ್ತಾನನಿಗೂ ಇರಾನಿನ ಶಾಹನಿಗೂ ನಡುವಿನ ಬಾಗಿಲು ಇದು. ಆ ಬಾಗಿಲು ಕಾಯುತ್ತಿದ್ದವರು ಸ್ಥಳೀಯ ಪಾಶಾಗಳು. ಹೆಸರಿಗೆ ಸುಲ್ತಾನನ ಕೈಕೆಳಗೆ, ಆದರೆ ಇಲ್ಲಿ ನಡೆಯುತ್ತಿದ್ದದ್ದು ಅವರದೇ ಮಾತು. ಚೋಲಾಕ್ ಅಬ್ದಿ ಪಾಶಾ 1685ರಲ್ಲಿ ಅರಮನೆ ಶುರು ಮಾಡಿದ, ಮುಗಿದದ್ದು 1784ರಲ್ಲಿ, ಇಶಾಕ್ ಪಾಶಾನ ಕಾಲಕ್ಕೆ. ಹತ್ತಿರ ಹತ್ತಿರ ನೂರು ವರ್ಷ. ಹಾಗಾಗಿ ಅದರಲ್ಲಿ ಒಂದು ಶೈಲಿ ಅಂತ ಹುಡುಕಲೇಬೇಡಿ. ಸೆಲ್ಜುಕ್ ಬಾಗಿಲು, ಪರ್ಷಿಯನ್ ಹೂಬಳ್ಳಿ, ಅರ್ಮೇನಿಯನ್ ಕಲ್ಲುಕೆಲಸ, ಆಟೊಮನ್ ಗುಮ್ಮಟ, ಎಲ್ಲಾ ಇದೆ.

ಆಮೇಲೆ ರಷ್ಯಾದವರು ಬಂದರು, ಒಂದು ಸಲ ಅಲ್ಲ. 1828-29ರ ಯುದ್ಧ ಮುಗಿದು ಅವರು ವಾಪಸ್ ಹೋಗುವಾಗ ಇಲ್ಲಿನ ಬಹಳ ಅರ್ಮೇನಿಯನ್ ಕುಟುಂಬಗಳು ಜೊತೆಗೇ ಹೊರಟುಹೋದವು. ಸೆವಾನ್ ಸರೋವರದ ಹತ್ತಿರ ನೆಲೆ ನಿಂತು ಆ ಜಾಗಕ್ಕೂ ಹೊಸ ಬಯಾಜೆತ್ ಅಂತಲೇ ಹೆಸರಿಟ್ಟರು. ಈಗ ಅದು ಅರ್ಮೇನಿಯಾದ ಗಾವರ್ ಪಟ್ಟಣ. 1877ರಲ್ಲಿ ಮತ್ತೆ ಯುದ್ಧ. ಆಗ ರಷ್ಯನ್ ಪಡೆಯೊಂದು ಈ ಅರಮನೆಯೊಳಗೇ ಸಿಕ್ಕಿಹಾಕಿಕೊಂಡು 23 ದಿನ ಮುತ್ತಿಗೆ ತಡೆದುಕೊಂಡಿತು. ಜೂನ್-ಜುಲೈ ಬಿಸಿಲು, ನೀರಿಲ್ಲ. 1915ರಲ್ಲಿ ಉಳಿದ ಅರ್ಮೇನಿಯನ್ನರೂ ಹತ್ಯೆ, ಗಡೀಪಾರಿಗೆ ಸಿಕ್ಕಿ ಇಲ್ಲವಾದರು.

ಕೊನೆಯ ಏಟು 1930ರದ್ದು. 1927ರಲ್ಲಿ ಕುರ್ದರು ಅರಾರಾಟ್ ಗಣರಾಜ್ಯ ಅಂತ ಘೋಷಿಸಿಕೊಂಡಿದ್ದರು. ಸೇನೆ ನಡೆಸಿದವನು ಇಹ್ಸಾನ್ ನೂರಿ, ಹಿಂದೆ ಆಟೊಮನ್ ಸೇನೆಯಲ್ಲೇ ಅಧಿಕಾರಿಯಾಗಿದ್ದವನು. ಬೆಟ್ಟದ ಪೂರ್ವದ ಇಳಿಜಾರು ಆಗ ಇರಾನಿನದು. ಟರ್ಕಿ ಸೇನೆ ಈ ಕಡೆಯಿಂದ ಹತ್ತಿದರೆ ಬಂಡಾಯಗಾರರು ಆ ಕಡೆ ಇಳಿಯುತ್ತಿದ್ದರು. 1930ರಲ್ಲಿ ದಂಗೆ ಮುರಿದುಬಿತ್ತು, ಹಳೇ ಬಯಾಜಿತ್ ಬಹುಪಾಲು ನೆಲಸಮ ಆಯಿತು, ಜನ ಕೆಳಗಿನ ಬಯಲಿಗೆ ಬಂದರು. ಇನ್ನೊಂದು ಸಲ ಹೀಗಾಗಬಾರದು ಅಂತ 1932ರಲ್ಲಿ ಟರ್ಕಿ, ಇರಾನಿಗೆ ಬೇರೆ ಕಡೆ ಜಾಗ ಕೊಟ್ಟು ಪಕ್ಕದ ಚಿಕ್ಕ ಶಿಖರ, ಅಂದರೆ ಚಿಕ್ಕ ಅರಾರಾಟಿನ ಆ ಇಳಿಜಾರನ್ನು ತಾನು ಇಟ್ಟುಕೊಂಡಿತು. ನೀವು ಫೋಟೋ ತೆಗೆಯೋ ಬೆಟ್ಟ ಪೂರ್ತಿ ಟರ್ಕಿಯದ್ದಾದದ್ದು ಹೀಗೆ.

ಬಸವನಗುಡಿ ಬಾಯ್

ಇತಿಹಾಸ ಎಲ್ಲಾ ಸರಿ. ಆದರೆ ಟರ್ಕಿಗೆ ಯಾಕೆ ಹೋಗ್ಬೇಕು ಅಂತ? 2025ರ ಮೇ ತಿಂಗಳಲ್ಲಿ ಅವರು ಯಾರ ಪರ ನಿಂತರು ಅಂತ ಮರೆತುಹೋಯ್ತಾ? ನಮ್ಮ ಟ್ರಾವೆಲ್ ಕಂಪನಿಗಳೇ ಟರ್ಕಿ ಬುಕಿಂಗ್ ನಿಲ್ಲಿಸಿದ್ದವು. ದುಡ್ಡು ಕೊಡೋಕೆ ಬೇರೆ ದೇಶ ಇಲ್ವಾ?

ಕಾವೇರಿ ತೀರದವ

ಮನೆಯಲ್ಲೂ ಇದೇ ಮಾತು ಬಂತು. ಟಿಕೆಟ್ ಅದಕ್ಕೂ ಮುಂಚೆಯೇನೂ ತೆಗೆದದ್ದಲ್ಲ, ಯೋಚನೆ ಮಾಡಿಯೇ ತೆಗೆದದ್ದು. ನಿಮ್ಮ ಸಿಟ್ಟು ಅರ್ಥ ಆಗುತ್ತೆ.

ಸುತ್ತಾಟದ ಸುಮಾ

ಹೋಗಬಾರದು ಅನ್ನಿಸಿದವರು ಹೋಗದೇ ಇರಲಿ, ಅದೂ ಒಂದು ನಿಲುವು, ನಾನು ವಾದ ಮಾಡಲ್ಲ. ಒಂದು ಮಾತು ಮಾತ್ರ. ಅಂಕಾರಾ ಹೇಳಿದ್ದೆಲ್ಲಾ ದೋವುಬಯಾಜಿತ್‌ನ ಮಾತಲ್ಲ. ಅಲ್ಲಿ ಮನೆಯಲ್ಲಿ, ಚಹಾ ಅಂಗಡಿಯಲ್ಲಿ ಆಡೋದು ಕುರ್ಮಾಂಜಿ, ಅಂದರೆ ಅಲ್ಲಿನ ಕುರ್ದಿಷ್. ಊರಿಗೂ ಬಾಜಿದ್ ಅಂತಾರೆ. ತಮ್ಮ ಭಾಷೆಯ ಅಕ್ಷರಗಳಿಗೇ ಕಾನೂನಿನ ತೊಡಕು ಇದ್ದ ಜನ ಅವರು. ಕುರ್ದಿಷ್‌ನಲ್ಲಿದ್ದು ಟರ್ಕಿಷ್‌ನಲ್ಲಿ ಇಲ್ಲದ ಕ್ಯೂ, ಡಬ್ಲ್ಯೂ, ಎಕ್ಸ್ ಅಕ್ಷರಗಳ ಮೇಲಿನ ನಿರ್ಬಂಧ ತೆಗೆಯುವ ಘೋಷಣೆ ಬಂದದ್ದೇ 2013ರಲ್ಲಿ. ಅಲ್ಲಿ ಗೆಸ್ಟ್‌ಹೌಸ್‌ಗೆ ಕೊಟ್ಟ ದುಡ್ಡು ಯಾರ ಜೇಬಿಗೆ ಹೋಗುತ್ತೆ ಅಂತ ನೀವೇ ಲೆಕ್ಕ ಹಾಕಿ.

ನಿರ್ವಾಹಕ

ಬಹಿಷ್ಕಾರದ ಚರ್ಚೆಗೆ ಬೇರೆ ಥ್ರೆಡ್ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಪ್ರವಾಸದ ವಿಷಯ ಸಾಕು.

ಗುಡ್ಡ ಹತ್ತೋನು

ಅರಾರಾಟ್ ಹತ್ತೋ ಆಸೆ ಯಾರಿಗಾದರೂ ಇದ್ದರೆ: ಸುಮ್ನೆ ಬ್ಯಾಗ್ ಹಾಕಿಕೊಂಡು ಹೋಗೋಕಾಗಲ್ಲ. ವಿದೇಶಿಯರಿಗೆ ಪರ್ಮಿಟ್ ಬೇಕು, ಗೈಡ್ ಬೇಕು, ತಿಂಗಳು ಮೊದಲೇ ಅರ್ಜಿ ಹಾಕಿಸಿದರೆ ಒಳ್ಳೆಯದು. 2015ರ ನಂತರ ಹಲವು ವರ್ಷ ಬೆಟ್ಟ ಮುಚ್ಚಿಯೇ ಇತ್ತು. ಆಗ ಟರ್ಕಿ ಸೇನೆಗೂ ಕುರ್ದರ ಸಶಸ್ತ್ರ ಬಂಡಾಯ ಸಂಘಟನೆ ಪಿಕೆಕೆಗೂ ಮತ್ತೆ ಹತ್ತಿಕೊಂಡಿತ್ತು. 2008ರಲ್ಲಂತೂ ಮೂವರು ಜರ್ಮನ್ ಚಾರಣಿಗರನ್ನು ಬೆಟ್ಟದ ಕ್ಯಾಂಪಿನಿಂದಲೇ ಪಿಕೆಕೆಯವರು ಎತ್ತಿಕೊಂಡು ಹೋಗಿದ್ದರು, ಆಮೇಲೆ ಬಿಟ್ಟರು. ಈಗ ಗಾಳಿ ಬೇರೆ. 2025ರ ಮೇನಲ್ಲಿ ಪಿಕೆಕೆ ತಾನೇ ವಿಸರ್ಜನೆ ಘೋಷಿಸಿತು, ಜುಲೈನಲ್ಲಿ ಇರಾಕಿನ ಸುಲೈಮಾನಿಯಾ ಹತ್ತಿರ ಮೊದಲ ತಂಡ ಬಂದೂಕುಗಳನ್ನು ಬೆಂಕಿಗೆ ಹಾಕಿತು.

ದಾರಿ ದಕ್ಷಿಣದ ಕಡೆಯಿಂದ. ಸುಮಾರು 3,200 ಮೀಟರ್‌ನಲ್ಲಿ ಮೊದಲ ಕ್ಯಾಂಪ್, 4,200ರಲ್ಲಿ ಎರಡನೆಯದು. ಸಾಮಾನು ಕುದುರೆ ಮೇಲೆ ಬರುತ್ತೆ. ಜುಲೈ, ಆಗಸ್ಟ್, ಹೆಚ್ಚೆಂದರೆ ಸೆಪ್ಟೆಂಬರ್ ಅರ್ಧ. ಹಗ್ಗ ಕಟ್ಟಿ ಬಂಡೆ ಹತ್ತೋ ಕೆಲಸ ಏನಿಲ್ಲ, ಆದರೆ ತುದಿಯ ಹತ್ತಿರ ಹಿಮದ ಹಾಸು ಇದೆ, ಬೂಟಿಗೆ ಮುಳ್ಳುಪಟ್ಟಿ ಬೇಕೇ ಬೇಕು. ಕಷ್ಟ ಕೊಡೋದು ಎತ್ತರ ಮತ್ತು ಗಾಳಿ. ನಮ್ಮ ಗುಂಪಿನಲ್ಲಿ ಕುದುರೆಮುಖ, ಕುಮಾರಪರ್ವತ ಓಡಿಕೊಂಡು ಹತ್ತಿದವನೊಬ್ಬ ಎರಡನೇ ಕ್ಯಾಂಪಿನಲ್ಲಿ ತಲೆ ಹಿಡಿದುಕೊಂಡು ಕೂತ, ಕೆಳಗಿಳಿಸಬೇಕಾಯಿತು. ಹತ್ತಿದವರ ಮೊದಲ ದಾಖಲೆ 1829ರದ್ದು, ಫ್ರೀಡ್ರಿಕ್ ಪಾರೊಟ್ ಮತ್ತು ಅರ್ಮೇನಿಯನ್ ಲೇಖಕ ಖಚತೂರ್ ಅಬೋವ್ಯಾನ್. ಅವರು ಹೋದದ್ದು ಉತ್ತರದ ಕಡೆಯಿಂದ. ಆ ಕಡೆಯಿದ್ದ ಅಖೂರಿ ಅನ್ನೋ ಹಳ್ಳಿ 1840ರ ಭೂಕಂಪದಲ್ಲಿ ಬೆಟ್ಟ ಕುಸಿದು ಪೂರ್ತಿ ಮುಚ್ಚಿಹೋಯಿತು.

ಮಂಗ್ಳೂರ್ ಮಾಣಿ

ಬೈಬಲ್ಲಿನ ಪ್ರಳಯದ ಕಥೆಯ ನೋಹನ ನಾವೆ ಅಂತ ಒಂದು ಜಾಗ ಉಂಟಲ್ಲ ಮಾರಾಯ್ರೆ, ಅದಕ್ಕೆ ಹೋಗ್ಬಹುದಾ? ನಮ್ಮ ಚರ್ಚಿನವರು ಹೋಗಿ ಬಂದು ಭಾರೀ ಹೇಳ್ತಿದ್ರು.

ಸುತ್ತಾಟದ ಸುಮಾ

ಹೋಗಬಹುದು, ಉಜೆಂಗಿಲಿ ಹಳ್ಳಿಯ ಹತ್ತಿರ. ದುರುಪಿನಾರ್ ಅನ್ನೋ ಸೇನಾ ಕ್ಯಾಪ್ಟನ್ 1959ರಲ್ಲಿ ವಿಮಾನದಿಂದ ತೆಗೆದ ನಕ್ಷೆ ಫೋಟೋಗಳಲ್ಲಿ ದೋಣಿ ಆಕಾರ ಕಂಡ. ಸುಮಾರು 160 ಮೀಟರ್ ಉದ್ದ. ಬೈಬಲ್ ಹೇಳೋ 300 ಮೊಳಕ್ಕೆ ಹತ್ತಿರ ಬರುತ್ತೆ ಅಂತ ದೊಡ್ಡ ಗದ್ದಲ ಆಯಿತು. ಭೂವಿಜ್ಞಾನಿಗಳು ಮಾತ್ರ ಅದು ಮಣ್ಣು ಹರಿದು, ಸವೆದು ತಾನಾಗಿ ಆದ ಆಕಾರ ಅಂತಾರೆ. ಎದುರಿನ ಗುಡ್ಡದಿಂದ ನೋಡಿದರೆ ದೋಣಿ ಥರಾನೇ ಕಾಣುತ್ತೆ, ಸುಳ್ಳಲ್ಲ. ಹತ್ತಿರ ಹೋದರೆ ಮಣ್ಣು, ಕಲ್ಲು. ನಂಬಿಕೆ ಇದ್ದವರು ಹೋಗಲಿ. ನನಗೆ ಅಲ್ಲಿಂದ ಕಂಡ ಅರಾರಾಟ್ ಇಷ್ಟ ಆಯಿತು, ದೋಣಿಗಿಂತ.

ಉಲ್ಕೆ ಬಿದ್ದ ಗುಂಡಿ ಅಂತ ಗುರ್ಬುಲಾಕ್ ಗಡಿ ಹತ್ತಿರ ಇನ್ನೊಂದಿದೆ. ದೊಡ್ಡ ಆಳವಾದ ಬಾವಿ ಥರ. ಅದೂ ಉಲ್ಕೆ ಅಲ್ಲ, ನೆಲ ಕುಸಿದು ಆದದ್ದು ಅಂತ ಭೂವಿಜ್ಞಾನಿಗಳ ಮಾತು. ಟ್ಯಾಕ್ಸಿಯವರು ಅರಮನೆ, ನಾವೆ, ಉಲ್ಕೆ ಮೂರನ್ನೂ ಸೇರಿಸಿ ಒಂದು ಪ್ಯಾಕೇಜ್ ಹೇಳುತ್ತಾರೆ. ಗಡಿ ತನಕ ಹೋಗೋ ಕುತೂಹಲ ಇದ್ದರೆ ಮಾತ್ರ ಉಲ್ಕೆ ಸೇರಿಸಿ. ಊರಿಂದ 35 ಕಿಲೋಮೀಟರ್, ದಾರಿಯುದ್ದ ಇರಾನಿಗೆ ಕಾಯೋ ಲಾರಿಗಳ ಸಾಲು. ಗಡಿಯ ಆ ಕಡೆ ಇರಾನಿನ ಬಾಜರ್ಗಾನ್. ಈ ಗಡಿಗುಂಟ 2017ರಿಂದ ಟರ್ಕಿ ಕಾಂಕ್ರೀಟ್ ಗೋಡೆ ಕಟ್ಟುತ್ತಾ ಬಂದಿದೆ. ಊರಿನವರಿಗೆ ಗಡಿ ಅಂದರೆ ವ್ಯಾಪಾರ, ನೆಂಟಸ್ತಿಕೆ ಎರಡೂ. ಪೇಟೆಯಲ್ಲಿ ಸಿಗೋ ಚಹಾಪುಡಿಗೆ ಅವರೇ ಕಚಾಕ್ ಚಹಾ ಅಂತಾರೆ, ಅಂದರೆ ಕಳ್ಳಮಾಲು. ಮುಚ್ಚುಮರೆ ಏನಿಲ್ಲ, ಬೋರ್ಡೇ ಹಾಕಿರ್ತಾರೆ.

ಒಗ್ಗರಣೆ ಡಬ್ಬಿ

ಊಟದ ವಿಷಯ ಯಾರೂ ಹೇಳಲೇ ಇಲ್ಲ! ನಾನೂ ಸಸ್ಯಾಹಾರಿ, ಗಂಡ ಎಲ್ಲಾ ತಿನ್ನುತ್ತಾರೆ, ಅದಕ್ಕೆ ಎರಡೂ ಕಡೆಯ ವರದಿ ಕೊಡಬಲ್ಲೆ.

ಬೆಳಗಿನ ತಿಂಡಿಗೆ ಯೋಚನೆಯೇ ಬೇಡ. ತಂದೂರಿ ಒಲೆಯ ರೊಟ್ಟಿ, ಬೆಟ್ಟದ ಸೊಪ್ಪು ಸೇರಿಸಿದ ಗಿಣ್ಣು (ಚೀಸ್), ಕೆನೆ, ಜೇನು, ಆಲಿವ್, ಟೊಮೆಟೊ, ಸೌತೆ. ಮೊಟ್ಟೆ ತಿಂತಾರೆ ಅಂದಿರಲ್ಲ, ಟೊಮೆಟೊ ಹಾಕಿದ ಮೆನೆಮೆನ್ ಹೇಳಿ. ನಾವು ಬೆಳಿಗ್ಗೆಯೇ ಹೊಟ್ಟೆ ತುಂಬಿಸಿಕೊಂಡು ಮಧ್ಯಾಹ್ನ ಹಣ್ಣಿನಲ್ಲಿ ದಾಟಿಸಿದ್ದು ಜಾಸ್ತಿ. ಸಂಜೆಗೆ ಬೇಳೆ ಸೂಪ್ ಎಲ್ಲಾ ಕಡೆ ಸಿಗುತ್ತೆ, ಆದರೆ ಕೆಲವು ಕಡೆ ಮೂಳೆ ಬೇಯಿಸಿದ ನೀರು ಹಾಕಿರ್ತಾರೆ. ಹುರುಳಿಕಾಯಿ ಬೀಜದ ಪಲ್ಯದಲ್ಲೂ ಮಾಂಸದ ತುಂಡು ಇರಬಹುದು. "ಎತ್‌ಸಿಜ್" ಅಂತ ಕೇಳಿ, ಮಾಂಸ ಇಲ್ಲದ್ದು ಅಂತ. ಅಷ್ಟು ಸಾಲದು, "ತಾವುಕ್" ಕೂಡ ಬೇಡ ಅನ್ನಿ. ಕೋಳಿಯನ್ನು ಮಾಂಸದ ಲೆಕ್ಕಕ್ಕೆ ಸೇರಿಸದವರು ಅಲ್ಲೂ ಇದ್ದಾರೆ. ನನ್ನ ಹತ್ತಿರ ಎಮ್‌ಟಿಆರ್ ಪ್ಯಾಕೆಟ್, ಚಟ್ನಿಪುಡಿ ಇತ್ತು. ಚಟ್ನಿಪುಡಿಯನ್ನು ಗೆಸ್ಟ್‌ಹೌಸ್ ಅಜ್ಜಿಗೆ ರುಚಿ ತೋರಿಸಿದೆ, ಕೆಮ್ಮಿ ಕೆಮ್ಮಿ ನಕ್ಕರು, ಆಮೇಲೆ ಗಿಣ್ಣಿಗೆ ಹಚ್ಚಿಕೊಂಡು ತಿಂದರು!

ಗಂಡ ತಿಂದದ್ದು ಅಬ್ದಿಗೋರ್ ಕೋಫ್ತೆ. ಈ ಊರಿನದೇ ಅಡುಗೆ. ಎಣ್ಣೆ, ಕೊಬ್ಬು ಇಲ್ಲದ ದನದ ಮಾಂಸವನ್ನು ಕಲ್ಲಿನ ಮೇಲೆ ಮರದ ಸುತ್ತಿಗೆಯಿಂದ ಬಡಿದು ಬಡಿದು, ನಾರೆಲ್ಲಾ ತೆಗೆದು, ಹಿಟ್ಟಿನ ಹದಕ್ಕೆ ತರ್ತಾರೆ. ಈರುಳ್ಳಿ ಸೇರಿಸಿ ಮುಷ್ಟಿಗಾತ್ರದ ಉಂಡೆ ಮಾಡಿ ನೀರಲ್ಲಿ ಬೇಯಿಸ್ತಾರೆ. ಅನ್ನದ ಮೇಲೆ ಇಟ್ಟು ಕೊಡ್ತಾರೆ. ಮೇಷ್ಟ್ರು ಹೇಳಿದ ಅಬ್ದಿ ಪಾಶಾನಿಗೆ ಹೊಟ್ಟೆ ಕಾಯಿಲೆ ಇತ್ತಂತೆ, ಅವನಿಗೆ ಜೀರ್ಣ ಆಗಲಿ ಅಂತ ಅಡುಗೆಯವರು ಕಂಡುಹಿಡಿದದ್ದಂತೆ. ಊರಿನ ಕಥೆ, ನಿಜವೋ ಸುಳ್ಳೋ. ನಮ್ಮವರ ತೀರ್ಪು: "ಆಸ್ಪತ್ರೆ ಊಟದ ಥರ ಇದೆ, ಆದ್ರೆ ಚೆನ್ನಾಗಿದೆ."

ಚಹಾ ಬಗ್ಗೆ: ಸಕ್ಕರೆ ಕದಡಿ ಕುಡಿಯಲ್ಲ ಅಲ್ಲಿ. ಗಟ್ಟಿ ಸಕ್ಕರೆ ಚೂರನ್ನು ಹಲ್ಲಿನ ಸಂದಿಗೆ ಇಟ್ಟುಕೊಂಡು ಅದರ ಮೇಲೆ ಚಹಾ ಹೀರೋದು. ಒಂದು ಚೂರಲ್ಲಿ ಎರಡು ಮೂರು ಲೋಟ ಮುಗಿಸ್ತಾರೆ. ನನಗೆ ಮೊದಲ ಗುಟುಕಿಗೇ ಕರಗಿಹೋಗ್ತಿತ್ತು.

ಕಾವೇರಿ ತೀರದವ

ಹೆಂಡತಿಗೆ ಈ ಉತ್ತರ ಓದಿ ಸಮಾಧಾನ ಆಯಿತು. ಚಟ್ನಿಪುಡಿ ಖಂಡಿತಾ ಬರುತ್ತೆ. ಎರಡು ರಾತ್ರಿ ಮಾಡಿದೆ. ಸುಮಾ ಮೇಡಂ, ಅರಮನೆ ಒಳಗೆ ಏನೇನು ಗಮನಿಸಬೇಕು? ಗೈಡ್ ಬೇಕಾ?

ಸುತ್ತಾಟದ ಸುಮಾ

ಗೈಡ್ ಬೇಡ. 366 ಕೋಣೆ ಅಂತ ಶುರು ಮಾಡ್ತಾರೆ, ಅದನ್ನು ಎಣಿಸಿದವರಿಲ್ಲ.

ಮೊದಲ ಅಂಗಳ ಬೇಗ ದಾಟಿ. ಎರಡನೆಯದರಲ್ಲಿ ಮಸೀದಿ ಇದೆ, ಎರಡು ಬಣ್ಣದ ಕಲ್ಲು ಪಟ್ಟೆಪಟ್ಟೆಯಾಗಿ ಜೋಡಿಸಿದ ಮಿನಾರು. ಪಕ್ಕದಲ್ಲೇ ಪುಟ್ಟ ಗೋರಿ ಮಂಟಪ, ಮೈತುಂಬ ಕೆತ್ತನೆ. ನೀವು ಹೊಯ್ಸಳ ಗುಡಿ ನೋಡಿ ಬೆಳೆದ ಕಣ್ಣಿನವರು, ಅಷ್ಟು ಸೂಕ್ಷ್ಮ ಅಲ್ಲ ಅನ್ನಿಸುತ್ತೆ. ಆದರೆ ಬಳ್ಳಿ, ಜೀವವೃಕ್ಷ ಚೆನ್ನಾಗಿವೆ. ಆಮೇಲೆ ಜನಾನಾ ಕಡೆ ಹೋಗಿ. ಅಲ್ಲಿ ಗೋಡೆಯೊಳಗೆ ಕೊಳವೆ ಥರ ದಾರಿಗಳು ಕಾಣುತ್ತವೆ, ಬಿಸಿಗಾಳಿ ಹರಿಸಿ ಕೋಣೆ ಬೆಚ್ಚಗಿಡೋಕೆ. ಅಲ್ಲಿನ ಚಳಿಗಾಲ ಗೊತ್ತಾದರೆ ಇದರ ಬೆಲೆ ಗೊತ್ತಾಗುತ್ತೆ. ನೀವು ವಾನ್‌ನಿಂದ ಬರೋ ದಾರಿಯ ಚಾಲ್ದಿರಾನ್‌ನಲ್ಲಿ 1990ರ ಜನವರಿಯಲ್ಲಿ ಸೊನ್ನೆಗಿಂತ 46.4 ಡಿಗ್ರಿ ಕೆಳಗೆ ಹೋಗಿತ್ತು, ಟರ್ಕಿಯಲ್ಲೇ ದಾಖಲೆ. ಹೊರಗೋಡೆಯಲ್ಲಿ ಮೇಲೆ ನೋಡಿ, ಬಿಸಿಲುಮಾಡದ ಭಾರ ಹೊತ್ತ ಮರದ ತೊಲೆಗಳು ಚಾಚಿಕೊಂಡಿವೆ. ತುದಿಯಲ್ಲಿ ಸಿಂಹ, ಹದ್ದು, ಮನುಷ್ಯ. ಎಲ್ಲರೂ ಕೆಳಗೆ ನೋಡಿಕೊಂಡು ಹೋಗಿಬಿಡ್ತಾರೆ, ಇವು ತಪ್ಪಿಹೋಗುತ್ತವೆ.

ಕೆಲವು ಭಾಗಕ್ಕೆ ಉಕ್ಕು, ಗಾಜಿನ ಚಾವಣಿ ಹಾಕಿದ್ದಾರೆ. ಮಳೆ ಹಿಮ ತಡೀಬೇಕು, ಒಪ್ಪೋಣ. ಆದರೆ ಬಸ್ ಸ್ಟಾಂಡಿಗೆ ಹಾಕೋ ಚಾವಣಿ ಅದು. ದೂರದಿಂದ ತೆಗೆದ ಫೋಟೋದಲ್ಲಿ ಬಿಸಿಲಿಗೆ ಫಳಫಳ ಹೊಳೆಯುತ್ತೆ. ಮುಂಬಾಗಿಲಿನ ಚಿನ್ನದ ಹೊದಿಕೆಯ ಕದಗಳನ್ನು ರಷ್ಯನ್ನರು ಹೊತ್ತುಕೊಂಡು ಹೋದರು ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ.

ಎದುರಿನ ಬಂಡೆಯ ಮೇಲೆ ಹಳೇ ಕೋಟೆ, ಅದರ ಬುಡ ಉರಾರ್ಟು ಅನ್ನೋ ಪ್ರಾಚೀನ ರಾಜ್ಯದ ಕಾಲದ್ದು. ಅಂದರೆ ಕ್ರಿಸ್ತಪೂರ್ವದ ಮಾತು. ಬಂಡೆಯಲ್ಲಿ ಕೊರೆದ ಗೋರಿ, ಪಕ್ಕದಲ್ಲಿ ಮನುಷ್ಯರ ಉಬ್ಬುಚಿತ್ರ ಇವೆ. ಹತ್ತೋ ದಾರಿ ಜಾರುತ್ತೆ, ಒಳ್ಳೆ ಶೂ ಹಾಕಿ.

ಹಳೇ ಮೇಷ್ಟ್ರು

ಅರಮನೆಯಿಂದ ಇನ್ನೂ ಮೇಲೆ ಅಹ್ಮದೆ ಖಾನಿಯ ಸಮಾಧಿ ಇದೆ, ಅದನ್ನು ಬಿಡಬೇಡಿ. 1650ರಿಂದ 1707ರವರೆಗೆ ಬದುಕಿದ ಕವಿ, ಬಯಾಜಿತ್‌ನಲ್ಲಿ ಪಾಠ ಹೇಳಿಕೊಂಡಿದ್ದವನು. ಪಾರಸಿ, ಅರಬ್ಬಿ ಬಲ್ಲವರೆಲ್ಲಾ ಅವುಗಳಲ್ಲೇ ಬರೆಯುತ್ತಿದ್ದ ಕಾಲದಲ್ಲಿ ಹಟ ಹಿಡಿದು ಕುರ್ದಿಷ್‌ನಲ್ಲಿ 'ಮೆಮ್ ಊ ಜಿನ್' ಬರೆದ, 1692ರಲ್ಲಿ. ಒಂದಾಗದೇ ಸತ್ತ ಇಬ್ಬರು ಪ್ರೇಮಿಗಳ ಕಥೆ, ನಡೆಯೋದು ದಕ್ಷಿಣದ ಜಿಜ್ರೆಯಲ್ಲಿ. ಆದರೆ ಕಾವ್ಯದ ಪೀಠಿಕೆಯಲ್ಲಿ ತನ್ನ ಜನಕ್ಕೆ ತಮ್ಮದೇ ದೊರೆ ಇಲ್ಲ, ತುರ್ಕರು ಮತ್ತು ಪಾರಸಿಗರ ನಡುವೆ ಹಂಚಿಹೋಗಿದ್ದಾರೆ ಅಂತ ಕೊರಗುತ್ತಾನೆ. ಅದಕ್ಕೇ ಕುರ್ದರಿಗೆ ಅವನು ಬರೀ ಕವಿ ಅಲ್ಲ. ಮಕ್ಕಳಿಗೆಂದು ಪ್ರಾಸದಲ್ಲಿ ಅರಬ್ಬಿ-ಕುರ್ದಿಷ್ ನಿಘಂಟು ಕೂಡ ಮಾಡಿದ್ದ. ಈಗ ಆಗ್ರಿ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು.

ಟಿಕೆಟ್ ಕೊಟ್ಟು ಅರಮನೆ ನೋಡೋರು ಪ್ರವಾಸಿಗರು. ಊರಿನ ಜನ ಹೋಗೋದು ಖಾನಿಯ ಹತ್ತಿರ. ಹರಕೆ ಹೊತ್ತವರು, ಹೊಸದಾಗಿ ಮದುವೆ ಆದವರು, ಪುಟ್ಟ ಮಕ್ಕಳು, ಪಕ್ಕದ ಹುಲ್ಲಲ್ಲಿ ಚಹಾ ಕಾಯಿಸಿಕೊಂಡು ಕೂತ ಸಂಸಾರಗಳು.

ಬಸವನಗುಡಿ ಬಾಯ್

ಮೇಷ್ಟ್ರೇ, ಇದು ಗೊತ್ತಿರಲಿಲ್ಲ. ಹೋಗಲ್ಲ ಅನ್ನೋದು ಹಾಗೇ ಇದೆ, ಆದ್ರೆ ಇಂಥದ್ದು ಇನ್ನೂ ಇದ್ದರೆ ಬರೀರಿ, ಓದ್ತೀನಿ.

ಗುಡ್ಡ ಹತ್ತೋನು

ಕಾವೇರಿ ತೀರದವರಿಗೆ ದಾರಿಯ ವಿಷಯ. ವಾನ್‌ನಿಂದ ಮಿನಿಬಸ್ ಇದೆ, ದೋಲ್ಮುಶ್ ಅಂತಾರೆ, ತುಂಬಿದ ಮೇಲೆ ಹೊರಡುತ್ತೆ. ಕಾರು ಬಾಡಿಗೆಗೆ ತಗೊಂಡರೆ ಮುರಾದಿಯೆ ಜಲಪಾತದ ಹತ್ತಿರ ನಿಲ್ಲಿಸಬಹುದು. ಜೋಗ ನೋಡಿದವರಿಗೆ ಅದೊಂದು ಅಡ್ಡೆ ಅಷ್ಟೇ, ಚಹಾ ಕುಡೀರಿ. ಚಾಲ್ದಿರಾನ್ ದಾಟಿದ ಮೇಲೆ ತೆಂದುರೆಕ್ ಘಾಟಿ, 2,644 ಮೀಟರ್. ಅಲ್ಲಿ ಜ್ವಾಲಾಮುಖಿಯ ಕರಿ ಲಾವಾ ಹೆಪ್ಪುಗಟ್ಟಿ ಕಿಲೋಮೀಟರುಗಟ್ಟಲೆ ಹರಡಿದೆ, ರಸ್ತೆ ಅದರ ನಡುವೆಯೇ. ನನಗೆ ಇಡೀ ಪ್ರಯಾಣದಲ್ಲಿ ಇದೇ ಚೆಂದದ ದಾರಿ. ಘಾಟಿ ಇಳಿಯುವಾಗ ಅರಾರಾಟ್ ಒಮ್ಮೆಲೇ ಎದುರಾಗುತ್ತೆ, ಎಡಗಡೆ ಸೀಟು ಬಲಗಡೆ ಸೀಟು ಅಂತ ಜಗಳ ಬೇಡ, ಮುಂದೇ ಕಾಣುತ್ತೆ.

ಮುಂದೆ ಕಾರ್ಸ್‌ಗೆ ಇಗ್ದಿರ್ ಪಟ್ಟಣದ ಮೇಲೆ ಹೋಗಿ. ಆಗ ಬೆಟ್ಟದ ಇನ್ನೊಂದು ಮಗ್ಗುಲೂ ಸಿಗುತ್ತೆ. ಅರ್ಮೇನಿಯಾದವರು ಮಾಸಿಸ್ ಅಂತ ಕರೆದು ದಿನಾ ನೋಡೋದು ಆ ಮಗ್ಗುಲನ್ನೇ. ಅವರ ಗಡಿ ಮುಚ್ಚಿರೋದರಿಂದ ನೇರವಾಗಿ ಈ ಕಡೆ ದಾಟಿ ಬರೋಕಾಗಲ್ಲ.

ಒಗ್ಗರಣೆ ಡಬ್ಬಿ

ಇನ್ನೊಂದು. ಟರ್ಕಿಯಲ್ಲಿ ಇಡೀ ದೇಶಕ್ಕೆ ಒಂದೇ ಗಡಿಯಾರ. ದೋವುಬಯಾಜಿತ್ ಪೂರ್ವದ ಅಂಚಿನಲ್ಲಿರೋದರಿಂದ ಇಸ್ತಾಂಬುಲ್‌ಗಿಂತ ಒಂದು ಗಂಟೆ ಮೊದಲೇ ಕತ್ತಲಾಗುತ್ತೆ. ಸೆಪ್ಟೆಂಬರ್ ಕೊನೆಗೆ ಆರು ಗಂಟೆ ಹೊತ್ತಿಗೆಲ್ಲಾ ಸೂರ್ಯ ಮುಳುಗಿರ್ತಾನೆ. ಖಾನಿ ಸಮಾಧಿಯಿಂದ ನಡೆದು ಇಳಿಯೋ ಯೋಚನೆ ಇದ್ದರೆ ನಾಲ್ಕಕ್ಕೇ ಹತ್ತಿ. ನಾವು ಹೋಗುವಾಗಿನ ಟ್ಯಾಕ್ಸಿಯವನನ್ನೇ ಕಾಯಿಸಿಕೊಂಡೆವು, ದುಡ್ಡು ಜಾಸ್ತಿ ಆಗಲಿಲ್ಲ.

ಕಾವೇರಿ ತೀರದವ

ಹಾಗಾದರೆ ಹೀಗೆ ಮಾಡ್ತೀವಿ: ಕಾರು ವಾನ್‌ನಲ್ಲೇ ತಗೊಂಡು ತೆಂದುರೆಕ್ ಮೇಲೆ ಬರೋದು. ಮೊದಲ ಸಂಜೆ ಖಾನಿ ಸಮಾಧಿ, ಹಳೇ ಊರಿನ ಇಳಿಜಾರು. ಮರುದಿನ ಬೆಳಿಗ್ಗೆ ಬೆಟ್ಟ ಕಂಡರೆ ಬೆಟ್ಟ, ಆಮೇಲೆ ಅರಮನೆ ನಿಧಾನಕ್ಕೆ. ನಾವೆಗೆ ಹೆಂಡತಿ ಹೋಗಲೇಬೇಕು ಅಂತಿದ್ದಾಳೆ, ಉಲ್ಕೆ ಗುಂಡಿ ಬಿಟ್ಟೆ. ಕಾರನ್ನು ಕಾರ್ಸ್‌ನಲ್ಲಿ ವಾಪಸ್ ಕೊಟ್ಟರೆ ಬೇರೆ ಊರಲ್ಲಿ ಬಿಟ್ಟಿದ್ದಕ್ಕೆ ದುಬಾರಿ ಚಾರ್ಜ್ ಹಾಕ್ತಾರಾ? ಯಾರಾದರೂ ಹಾಗೆ ಮಾಡಿದ್ದೀರಾ?

ಗುಡ್ಡ ಹತ್ತೋನು

ಹಾಕ್ತಾರೆ, ಕಂಪನಿಯಿಂದ ಕಂಪನಿಗೆ ಬೇರೆ. ಬುಕ್ ಮಾಡುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಟೈರ್ ಸ್ಟೆಪ್ನಿ ಇದೆಯಾ ಅಂತಲೂ ನೋಡಿ, ಉಜೆಂಗಿಲಿ ಕಡೆಯ ರಸ್ತೆ ಜಲ್ಲಿಯದು.